ಜೇನು ಬರೆದ ಪಹಣಿ

ಸುರಪುರ ಸೀಮೆಯ ಹಳೆಯ ಕಂದಾಯ ದಫ್ತರದಲ್ಲಿ ನೆಲಕ್ಕೆ ಮೂರು ಹೆಸರು: ಖುಷ್ಕಿ, ತರಿ, ಬಾಗಾಯತ್. ಮಳೆಯನ್ನೇ ನಂಬಿದ್ದು ಖುಷ್ಕಿ. ನೀರು ಕಟ್ಟುವ ಗದ್ದೆ ತರಿ. ಬಾವಿಯ ಆಸರೆಯ ತೋಟ ಬಾಗಾಯತ್. ನಿಜಾಮರ ಕಾಲದ ಪಟವಾರಿಗಳು ಬರೆದ ಈ ಮಾತುಗಳು ಇಂದಿಗೂ ಪಹಣಿಯಲ್ಲಿ ಬದುಕಿವೆ. ಹೊಲ ಯಾರದು, ಎಷ್ಟು ಎಕರೆ ಎಷ್ಟು ಗುಂಟೆ, ಈ ವರ್ಷ ಏನು ಬಿತ್ತಿದ್ದಾರೆ ಎಂಬುದನ್ನೆಲ್ಲ ಪಹಣಿ ಹೇಳುತ್ತದೆ. ಬಿತ್ತಿದ ಬೆಳೆಗೆ ಏನು ಹೊಡೆದರು, ಎಷ್ಟು ಸಲ ಹೊಡೆದರು ಎಂದು ಬರೆಯಲು ಅದರಲ್ಲಿ ಕಾಲಂ ಇಲ್ಲ.

ಆ ಕಾಲಂ ತುಂಬುತ್ತಿರುವುದು ಜೇನುಹುಳು. ಹೂವಿನ ಮಕರಂದ, ಪರಾಗ, ಎಲೆಯಂಚಿನ ಹನಿ, ಕಾಲುವೆಯ ನೀರು ಎಲ್ಲವನ್ನೂ ಅದು ಒಂದೇ ಗೂಡಿಗೆ ತಂದು ಸೇರಿಸುತ್ತದೆ. ಗೂಡಿನ ಸುತ್ತಲ ಎರಡು ಮೂರು ಕಿಲೋಮೀಟರ್ ನೆಲದಲ್ಲಿ ಏನು ನಡೆಯಿತೋ ಅದರ ಗುರುತು ಜೇನಿನಲ್ಲಿ, ಮೇಣದಲ್ಲಿ, ಕೂಡಿಟ್ಟ ಪರಾಗದಲ್ಲಿ ಉಳಿಯುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಕಳೆದ ಅರವತ್ತು ವರ್ಷದ ಕಥೆಯನ್ನು ಅಣೆಕಟ್ಟಿನ ಎತ್ತರದಿಂದ ಹೇಳಿದವರಿದ್ದಾರೆ, ಭತ್ತದ ಚೀಲದ ಲೆಕ್ಕದಲ್ಲಿ ಹೇಳಿದವರೂ ಇದ್ದಾರೆ. ಈ ಬರಹ ಅದೇ ಕಥೆಯನ್ನು ಜೇನಿನ ಕಡೆಯಿಂದ ಹೇಳುತ್ತದೆ. ಗೂಡಿಗೆ ಸೇರಿದ್ದು ನಾಳೆ ನಮ್ಮ ತಾಟಿಗೂ ಸೇರುವಂಥದ್ದು.

ಖುಷ್ಕಿಯ ಕಾಲ

ಭೀಮೆಯ ಒಂದು ದಂಡೆಗೆ ಯಾದಗಿರಿ. ಇನ್ನೊಂದು ದಂಡೆಯಿಂದ ಕೃಷ್ಣೆಯವರೆಗೆ ಹಬ್ಬಿದ ದೋಆಬಿನಲ್ಲಿ ಶಹಾಪುರ, ಸುರಪುರ. ಕೋಟೆ ಹೊತ್ತ ಯಾದಗಿರಿಯ ಬಂಡೆಗುಡ್ಡ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟಸಾಲು, ನಾಯಕ ಅರಸರು ರಾಜಧಾನಿ ಕಟ್ಟಿಕೊಂಡ ಸುರಪುರದ ಗುಡ್ಡ. ಇವುಗಳ ನಡುವೆ ಕಣ್ಣು ಹಾಯುವಷ್ಟು ದೂರ ಎರೆ ಮತ್ತು ಮಸಾರಿ ನೆಲ. 1841ರಿಂದ 1853ರವರೆಗೆ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನದ ಉಸ್ತುವಾರಿ ನೋಡಿಕೊಂಡಿದ್ದ. ಈ ಸೀಮೆಗೆ ಬೇಕಾದದ್ದು ನೀರು ಎಂದು ಅವನಿಗೂ ತಿಳಿದಿತ್ತು. ನಾಯಕರು ಕಟ್ಟಿಸಿದ್ದ ಬೋನಾಳ ಕೆರೆ ಅವನ ಕಾಲದಲ್ಲಿ ಜೀರ್ಣೋದ್ಧಾರಗೊಂಡಿತು. ಈಗ ಅದು ಪಕ್ಷಿಧಾಮ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ವೆಂಕಟಪ್ಪ ನಾಯಕ ಅದೇ ವರ್ಷ ತೀರಿಕೊಂಡ, 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ದೊರೆ ಬದಲಾದರೂ ಹೊಲ ಖುಷ್ಕಿಯಾಗಿಯೇ ಉಳಿಯಿತು.

ಖುಷ್ಕಿ ಎಂದರೆ ಬಡತನ, ಬರ, ಗುಳೆ. ಅದನ್ನು ಹಾಡಿ ಹೊಗಳುವ ಅಗತ್ಯವಿಲ್ಲ. ಆದರೆ ಜೇನಿನ ಮಟ್ಟಿಗೆ ಖುಷ್ಕಿ ಹೊಲ ತುಂಬಿದ ಮನೆಯಾಗಿತ್ತು. ಒಂದೇ ಹೊಲದಲ್ಲಿ ಒಂದೇ ಬೆಳೆ ಬಿತ್ತುವ ಧೈರ್ಯ ಒಣಬೇಸಾಯದವನಿಗೆ ಇರಲಿಲ್ಲ. ತೊಗರಿ ನಡುವೆ ಸಜ್ಜೆ, ಹೆಸರಿನ ಜೊತೆ ಎಳ್ಳು, ಅಕ್ಕಡಿ ಸಾಲಿನಲ್ಲಿ ಗುರೆಳ್ಳು, ಹಿಂಗಾರಿ ಜೋಳದ ಸುತ್ತ ದನ ನುಗ್ಗದಂತೆ ಮುಳ್ಳುಮುಳ್ಳಾದ ಕುಸುಬೆ. ಒಂದು ಕೈಕೊಟ್ಟರೆ ಇನ್ನೊಂದು ಕಾಯಲಿ ಎಂಬ ಈ ಲೆಕ್ಕಾಚಾರ ಜೇನಿಗೆ ವರ್ಷವಿಡೀ ಊಟದ ಸರದಿಯಾಯಿತು. ಶ್ರಾವಣ, ಭಾದ್ರಪದದಲ್ಲಿ ಎಳ್ಳು. ದಸರೆಯ ಹೊತ್ತಿಗೆ ಗುರೆಳ್ಳಿನ ಹಳದಿ. ದೀಪಾವಳಿಯ ಆಚೀಚೆ ತೊಗರಿ. ಎಳ್ಳಮವಾಸ್ಯೆಗೆ ಜೋಳದ ಪರಾಗ, ಕುಸುಬೆ. ಬೆಳೆ ಮುಗಿದ ಮೇಲೆ ಹಳ್ಳದ ಮುತ್ತುಗ, ಬದುವಿನ ಬೇವು, ಹೊಂಗೆ, ಊರ ಮುಂದಿನ ಹುಣಸೆ. ಮತ್ತೆ ಮಳೆಗಾಲಕ್ಕೆ ಜಾಲಿ.

ಈ ಸರದಿಯನ್ನು ನಂಬಿ ನಾಲ್ಕು ಬಗೆಯ ಜೇನು ಬಾಳುತ್ತಿತ್ತು. ಬಂಡೆಯ ಕೆಳಗೆ, ಆಲದ ಎತ್ತರದ ಕೊಂಬೆಗೆ ಒಂದೇ ದೊಡ್ಡ ಹಲ್ಲೆ ಕಟ್ಟುವ ಹೆಜ್ಜೇನು. ಪೊಟರೆಯಲ್ಲಿ, ಹಾಳು ಗೋಡೆಯ ಸಂದಿಯಲ್ಲಿ ಹಲವು ಹಲ್ಲೆ ಕಟ್ಟುವ ತುಡುವೆ. ಬೇಲಿಯ ಕಡ್ಡಿಗೆ ಅಂಗೈಯಗಲದ ಹುಟ್ಟು ಇಡುವ ಕೋಲುಜೇನು. ಗೋಡೆಯ ತೂತಿನಲ್ಲಿ ಮೇಣದ ಕೊಳವೆ ಚಾಚಿ ಕೂಡುವ, ಕಚ್ಚದ ನಸರುಜೇನು. ಇವುಗಳಲ್ಲಿ ಹೆಜ್ಜೇನು ಅಲೆಮಾರಿ. ಹೂ ಮುಗಿದರೆ ಇಡೀ ಸಂಸಾರ ಗೂಡು ಬಿಟ್ಟು ನೂರಾರು ಕಿಲೋಮೀಟರ್ ಹಾರಿಹೋಗುತ್ತದೆ, ಕಾಲ ಬಂದಾಗ ಹಳೆಯ ಮರಕ್ಕೇ ಮರಳಬಲ್ಲದು. ಕಂಬಳಿ ಹೊದ್ದು, ಹೊಗೆ ಹಾಕಿ ಜೇನು ಬಿಡಿಸಿದವನು ಮೊದಲ ಹನಿಯನ್ನು ಅಲ್ಲೇ ನೆಕ್ಕುತ್ತಿದ್ದ. ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎಂಬ ಗಾದೆ ಹುಟ್ಟಿದ್ದು ಆ ಕಾಲದಲ್ಲಿ, ಕೈಗೆ ಅಂಟಿದ್ದೆಲ್ಲ ಜೇನೇ ಆಗಿದ್ದಾಗ.

ನೀರು ಬಂತು

1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಅವರು ಪ್ರಧಾನಿಯಾಗಲು ಆಗ ಇನ್ನೂ ಕೆಲವೇ ದಿನಗಳಿದ್ದವು. ನಿಜಾಮ ಸಂಸ್ಥಾನದಿಂದ ಬಿಡುಗಡೆಗೊಂಡು ಮೈಸೂರು ರಾಜ್ಯ ಸೇರಿದ ಈ ಸೀಮೆಗೆ ಆ ಕಲ್ಲು ದೊಡ್ಡ ಭರವಸೆಯಾಗಿತ್ತು. ನಾರಾಯಣಪುರದ ಬಸವಸಾಗರ 1982ರಲ್ಲಿ ಸಿದ್ಧವಾಯಿತು. ಎಡದಂಡೆ ಕಾಲುವೆಯಿಂದ ಶಹಾಪುರ ಶಾಖಾ ಕಾಲುವೆ, ಮುಡಬಾಳ ಶಾಖಾ ಕಾಲುವೆ, ಅವುಗಳಿಂದ ವಿತರಣಾ ಕಾಲುವೆ, ಲ್ಯಾಟರಲ್, ಹೊಲಗಾಲುವೆ. ತಲೆಮಾರುಗಳಿಂದ ಮುಗಿಲು ನೋಡಿದವರು ಈಗ ತೂಬು ನೋಡತೊಡಗಿದರು. ಗುಳೆ ಹೋಗುತ್ತಿದ್ದ ಊರುಗಳಿಗೆ ಹೊರಗಿನಿಂದ ನಾಟಿ ಮಾಡುವವರು ಬಂದರು. ಈ ಬದಲಾವಣೆಯ ಬೆಲೆ ಕಟ್ಟುವಾಗ ಅದು ತಂದ ಅನ್ನವನ್ನು ಮರೆಯುವುದು ತಪ್ಪಾಗುತ್ತದೆ.

ಯೋಜನೆಯ ನಕ್ಷೆಯಲ್ಲಿ ಈ ನೀರು ಅರೆ ಖುಷ್ಕಿ ಬೆಳೆಗೆ ಮೀಸಲಾಗಿತ್ತು. ಜೋಳ, ಶೇಂಗಾ, ತೊಗರಿ, ಸೂರ್ಯಕಾಂತಿಯಂಥ ಬೆಳೆಗೆ ಮಿತವಾಗಿ ಹಾಯಿಸಿದರೆ ಕೊನೆಯ ಹೊಲಕ್ಕೂ ತಲುಪುತ್ತದೆ ಎಂಬುದು ಅದರ ಲೆಕ್ಕ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೇರೂರಿತು. ಭತ್ತದ ಕಸುಬು ಬಲ್ಲ ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು, ಅವರನ್ನು ನೋಡಿ ಊರಿನವರೂ ಕಲಿತರು. ಸೋನಾ ಮಸೂರಿಗೆ ಮಾರುಕಟ್ಟೆ ಇತ್ತು, ದುಡ್ಡು ಇತ್ತು. ನೀರು ಮುಟ್ಟದ ಕಡೆ ಹತ್ತಿ ಹಬ್ಬಿತು, ಮಧ್ಯೆ ಮೆಣಸಿನಕಾಯಿ ಬಂತು. ಬದು ಸಮವಾಯಿತು, ಬದುವಿನ ಬೇವು ಉರುಳಿತು. ಅಕ್ಕಡಿ ಸಾಲು ಟ್ರ್ಯಾಕ್ಟರಿಗೆ ಅಡ್ಡವೆನಿಸಿತು. ದಾಖಲೆಯಲ್ಲಿ ಖುಷ್ಕಿ ಹೋಗಿ ತರಿ ಎಂದು ಬರೆದ ದಿನ ಜೇನಿನ ಊಟದ ಸರದಿಯಿಂದ ಎಳ್ಳು, ಗುರೆಳ್ಳು, ಕುಸುಬೆ ಒಂದೊಂದಾಗಿ ಅಳಿಸಿಹೋದವು.

ನಡುವೆ ಒಂದು ಸಿಹಿ ಅಧ್ಯಾಯವೂ ಇತ್ತು. 1969ರಲ್ಲಿ ರಷ್ಯಾ ಮೂಲದ ತಳಿಗಳೊಂದಿಗೆ ಭಾರತದ ಹೊಲಕ್ಕೆ ಬಂದ ಸೂರ್ಯಕಾಂತಿಗೆ 1980ರಲ್ಲಿ ಬೆಂಗಳೂರಿನ ಕೃಷಿ ವಿಜ್ಞಾನಿಗಳು ಬಿಎಸ್‌ಎಚ್-1 ಎಂಬ ದೇಶದ ಮೊದಲ ಹೈಬ್ರಿಡ್ ಕೊಟ್ಟರು. ಉತ್ತರ ಕರ್ನಾಟಕದ ಎರೆ ನೆಲ ಹಳದಿಯಾಯಿತು. ಸೂರ್ಯಕಾಂತಿಗೆ ಜೇನು ಬೇಕೇ ಬೇಕು. ಹುಳು ಬಾರದ ತೆನೆಯಲ್ಲಿ ಜೊಳ್ಳು ಹೆಚ್ಚು. 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಗೊಂಡ ಯುರೋಪಿನ ಮೆಲ್ಲಿಫೆರಾ ಜೇನನ್ನು ಪೆಟ್ಟಿಗೆಯಲ್ಲಿ ಹೊತ್ತು ಹೂವಿನ ಹಿಂದೆ ಊರೂರು ಸುತ್ತುವವರಿಗೆ ಇಂಥ ಹೊಲ ಹಬ್ಬವಾಗಿತ್ತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಸಂಸಾರಗಳನ್ನು ನೆಲಕಚ್ಚಿಸಿದ ಮೇಲೆ ಪೆಟ್ಟಿಗೆಯ ಜೇನಿಗೆ ಇನ್ನಷ್ಟು ಬೆಲೆ ಬಂತು. ಆದರೆ 1997ರಲ್ಲಿ ಬಾಗೇಪಲ್ಲಿಯ ಕಡೆ ಕಾಣಿಸಿಕೊಂಡ ನೆಕ್ರೋಸಿಸ್ ರೋಗ ಸೂರ್ಯಕಾಂತಿಯ ಬೆನ್ನು ಮುರಿಯಿತು. ಹಳದಿ ಹೊಲಗಳು ಕರಗುತ್ತ ಬಂದವು.

ಪುಡಿ, ಎಣ್ಣಿ, ಬಣ್ಣದ ಬೀಜ

ನಮ್ಮ ಹೊಲಕ್ಕೆ ವಿಷ ಮೂರು ರೂಪದಲ್ಲಿ ಬಂತು. ಮೊದಲು ಬಂದದ್ದು ಪುಡಿ. 1952ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಬಿಎಚ್‌ಸಿ ತಯಾರಿ ಶುರುವಾಯಿತು. ಹಳ್ಳಿಯವರ ಬಾಯಲ್ಲಿ ಅದು ಗ್ಯಾಮಾಕ್ಸಿನ್. ಇರುವೆಗೆ, ತಿಗಣೆಗೆ, ಬೆಳೆಯ ಹುಳಕ್ಕೆ ಎಲ್ಲಕ್ಕೂ ಒಂದೇ ಪುಡಿ. ಹಳೆಯ ಬಟ್ಟೆಯಲ್ಲಿ ಕಟ್ಟಿ ಬರಿಗೈಯಲ್ಲಿ ಜಾಡಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಜೊತೆಗೆ ಡಿಡಿಟಿ ಇತ್ತು; ಅದರ ಕೀಟ ಕೊಲ್ಲುವ ಗುಣ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಸಿಕ್ಕಿತ್ತು.

ಆಮೇಲೆ ಬಂದದ್ದು ಎಣ್ಣಿ. ಎಂಡ್ರಿನ್, ಫಾಲಿಡಾಲ್, ಎಂಡೋಸಲ್ಫಾನ್, ಮೊನೊಕ್ರೊಟೊಫಾಸ್, ಕ್ವಿನಾಲ್‌ಫಾಸ್, ಕ್ಲೋರ್‌ಪೈರಿಫಾಸ್. ಹೆಸರು ಹತ್ತಾರಿದ್ದರೂ ಹೊಲದವರಿಗೆ ಎಲ್ಲವೂ ಎಣ್ಣಿ. ಎಣ್ಣಿ ಹೊಡಿಯೋದು ಎಂದರೆ ಇಂದಿಗೂ ಕೀಟನಾಶಕ ಸಿಂಪಡಣೆ. ಎಂಡ್ರಿನ್ ಎಂಬ ಹೆಸರಂತೂ ಸಾವಿನ ಇನ್ನೊಂದು ಹೆಸರಾಗಿ ನುಡಿಯೊಳಗೇ ಸೇರಿಹೋಯಿತು. 1958ರಲ್ಲಿ ಹಡಗಿನಲ್ಲಿ ಫಾಲಿಡಾಲ್ ಸೋಂಕಿದ ಗೋಧಿಹಿಟ್ಟು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ತನಿಖೆಯ ದಾರಿಯಲ್ಲೇ 1968ರ ಕೀಟನಾಶಕ ಕಾಯ್ದೆ ಬಂತು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಬಂದವು. ಆ ಬಣ್ಣ ನಿರ್ಧಾರವಾಗುವುದು ಇಲಿಯಂಥ ಸಸ್ತನಿಗಳಿಗೆ ಎಷ್ಟು ವಿಷ ಎಂಬ ಅಳತೆಯಿಂದ. ಜೇನುಹುಳುವಿಗೆ ಎಷ್ಟು ವಿಷ ಎಂಬುದು ತ್ರಿಕೋನದ ಲೆಕ್ಕದೊಳಗೆ ಬರಲೇ ಇಲ್ಲ.

ಎಣ್ಣಿಯ ಕಾಲ ತುತ್ತತುದಿ ಮುಟ್ಟಿದ್ದು 1997-98ರ ತೊಗರಿ ಹಂಗಾಮಿನಲ್ಲಿ. ಅಕಾಲ ಮಳೆ, ಮೋಡ ಕವಿದ ಹವೆ. ಹೆಲಿಕೋವರ್ಪಾ ಎಂಬ ಹಸಿರು ಹುಳ, ನಮ್ಮ ಕಾಯಿಕೊರಕ, ಬೀದರ್ ಮತ್ತು ಕಲಬುರಗಿಯ ತೊಗರಿಯನ್ನು ತಿಂದು ಮುಗಿಸಿತು. ಯಾದಗಿರಿ ಆಗ ಕಲಬುರಗಿ ಜಿಲ್ಲೆಯೊಳಗೇ ಇತ್ತು. ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಹುಳ ಸಾಯದಿದ್ದಾಗ ರೈತ ಪ್ರಮಾಣ ಹೆಚ್ಚಿಸಿದ, ಎರಡು ಮೂರು ಎಣ್ಣಿ ಕೂಡಿಸಿ ಹೊಡೆದ. ಹುಳಕ್ಕೆ ಅಷ್ಟರಲ್ಲಾಗಲೇ ಆ ರಾಸಾಯನಿಕಗಳು ಒಗ್ಗಿಹೋಗಿದ್ದವು. ಬೀದರಿನಿಂದ ರೈತರ ಆತ್ಮಹತ್ಯೆಯ ಸುದ್ದಿ ಬರತೊಡಗಿದ್ದು ಆ ವರ್ಷವೇ.

ತೊಗರಿಗೆ ಕಾಯಿಕೊರಕ ಬೀಳುವುದು ಹೂ, ಮಿಡಿಗಾಯಿಯ ಹೊತ್ತಿನಲ್ಲಿ. ಜೇನು ಅದೇ ಹೊಲಕ್ಕೆ ಮುತ್ತುವುದೂ ಹೂವಿನ ಹೊತ್ತಿನಲ್ಲಿ. ಇಬ್ಬನಿ ಆರಿ ಬಿಸಿಲೇರಿದಾಗ ರೈತ ಪಂಪು ಹೆಗಲಿಗೇರಿಸುತ್ತಾನೆ, ಬಿಸಿಲೇರಿದಾಗಲೇ ಹುಳುವೂ ಹೂವಿಗೆ ಇಳಿಯುತ್ತದೆ. ಹುಳ ಕೊಲ್ಲಲು ಹೊರಟವನಿಗೆ ಜೇನಿನ ಮೇಲೆ ಯಾವ ದ್ವೇಷವೂ ಇರಲಿಲ್ಲ. ವೇಳೆ ಒಂದಾಯಿತು, ಅಷ್ಟೇ. ಈ ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುವುದು ಆ ವೇಳೆಯೇ.

ಮೂರನೆಯ ರೂಪ ಬಣ್ಣದ ಬೀಜ. 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಕಾಯಿಕೊರಕಕ್ಕೆ ಹೊಡೆಯುವ ಎಣ್ಣಿ ಮೊದಮೊದಲು ಇಳಿದದ್ದು ನಿಜ. ಆದರೆ ರಸ ಹೀರುವ ಜಿಗಿಹುಳು, ಹೇನು, ನುಸಿಗಳಿಗೆ ಬಿಟಿ ಗುಣ ತಾಗುವುದಿಲ್ಲ. ಅದಕ್ಕೆ ಬೀಜಕ್ಕೇ ಇಮಿಡಾಕ್ಲೋಪ್ರಿಡ್ ಲೇಪಿಸಿ ಬಣ್ಣದ ಬೀಜ ಮಾರಿದರು. 1980ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಈ ನಿಯೋನಿಕೋಟಿನಾಯ್ಡ್ ವರ್ಗದ ಗುಣವೇ ಬೇರೆ. ಅದು ಎಲೆಯ ಮೇಲೆ ನಿಲ್ಲುವುದಿಲ್ಲ, ಗಿಡದ ನಾಳದೊಳಗೆ ಇಳಿದು ಕಾಂಡ, ಎಲೆ, ಮಕರಂದ, ಪರಾಗದವರೆಗೆ ಹರಿಯುತ್ತದೆ. ಹೊಲದಲ್ಲಿ ಯಾರೂ ಪಂಪು ಹಿಡಿಯದ ದಿನವೂ ಹೂವಿನೊಳಗೆ ಅದು ಇರಬಹುದು. ಮುಂದೆ ಗುಲಾಬಿ ಕಾಯಿಕೊರಕ ಬಿಟಿಗೂ ಜಗ್ಗದಾಯಿತು, ಎಣ್ಣಿ ಹೊಲಕ್ಕೆ ಮರಳಿತು. 2021ರಲ್ಲಿ ಮೆಣಸಿನಕಾಯಿಗೆ ಹೊಸ ಜಾತಿಯ ಥ್ರಿಪ್ಸ್ ನುಸಿ ಬಿದ್ದು ಆಂಧ್ರ, ತೆಲಂಗಾಣ, ಕರ್ನಾಟಕದ ಹೊಲಗಳು ಹೂವಿನಲ್ಲೇ ಉದುರಿದವು. ಹೂವಿನೊಳಗೇ ಕೂಡುವ ಹುಳವಾದ್ದರಿಂದ ಸಿಂಪಡಣೆಯೂ ಹೂವಿನ ಮೇಲೆಯೇ ನಡೆಯಿತು.

ಎಣ್ಣಿ ಗೂಡು ಸೇರುವ ದಾರಿ

ಸಿಂಪಡಣೆಯ ಕೆಳಗೆ ಸಿಕ್ಕ ಹುಳು ಅಲ್ಲೇ ಬೀಳುತ್ತದೆ. ಗೂಡಿನ ಮುಂದೆ ಸತ್ತ ಹುಳುಗಳ ರಾಶಿ ಕಂಡರೆ ಅದು ಸಿಡಿಲು ಬಡಿದಂಥ ಸಾವು, ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದ ಸಾವು ಅದಕ್ಕಿಂತ ದೊಡ್ಡದು. ಪೂರ್ತಿ ಸಾಯದಷ್ಟು ವಿಷ ತಿಂದ ಹುಳು ದಾರಿ ಮರೆಯುತ್ತದೆ. 2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ನೂರಾರು ಹುಳುಗಳ ಬೆನ್ನಿಗೆ ಪುಟ್ಟ ಎಲೆಕ್ಟ್ರಾನಿಕ್ ಗುರುತು ಅಂಟಿಸಿ, ಥಯಾಮೆಥಾಕ್ಸಾಮ್ ಬೆರೆತ ಸಕ್ಕರೆ ನೀರು ಕುಡಿಸಿ ದೂರದಲ್ಲಿ ಬಿಟ್ಟು ನೋಡಿದರು. ಸಾಯುವ ಪ್ರಮಾಣಕ್ಕಿಂತ ಕಡಿಮೆ ಕೊಟ್ಟಿದ್ದರೂ ಬಹಳಷ್ಟು ಹುಳುಗಳು ಗೂಡಿಗೆ ಮರಳಲಿಲ್ಲ. ಹೂ ಎಲ್ಲಿದೆ ಎಂದು ಕುಣಿದು ಹೇಳುವ, ಆ ಕುಣಿತ ಓದಿದ್ದಕ್ಕೆ ಕಾರ್ಲ್ ಫಾನ್ ಫ್ರಿಷ್‌ಗೆ 1973ರ ನೊಬೆಲ್ ತಂದುಕೊಟ್ಟ ಜೀವಕ್ಕೆ ತನ್ನ ಮನೆಯ ದಾರಿಯೇ ಮರೆತುಹೋಗುತ್ತದೆ. ಗೂಡು ದಿನದಿಂದ ದಿನಕ್ಕೆ ತೆಳ್ಳಗಾಗುತ್ತದೆ. ಮುಂದೆ ಹೆಣದ ರಾಶಿ ಇರುವುದಿಲ್ಲ, ಹಾಗಾಗಿ ದೂರು ಕೊಡುವವರೂ ಇರುವುದಿಲ್ಲ.

ಅದೇ ಥಯಾಮೆಥಾಕ್ಸಾಮ್ ಅನ್ನು ತ್ರಿಕೋನದ ಲೆಕ್ಕಕ್ಕೆ ಹಿಡಿದು ನೋಡೋಣ. ಅರ್ಧದಷ್ಟು ಇಲಿಗಳನ್ನು ಕೊಲ್ಲಲು ಅವುಗಳ ಕಿಲೋ ತೂಕಕ್ಕೆ 1,500 ಮಿಲಿಗ್ರಾಮಿಗೂ ಹೆಚ್ಚು ಬೇಕು. ಆ ಅಳತೆಯಲ್ಲಿ ಅದು ನೀಲಿ ತ್ರಿಕೋನದ ಸಾಲಿಗೆ ಸೇರುತ್ತದೆ. ಜೇನುಹುಳುವಿಗೆ ಸಾಕಾಗುವುದು ಸುಮಾರು 5 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿ ಭಾಗದಲ್ಲಿ ಐದು ಭಾಗ. ತೂಕಕ್ಕೆ ತೂಕ ಹೋಲಿಸಿದರೆ ಇಲಿಗಿಂತ ಜೇನಿಗೆ ಅದು ಹತ್ತಾರು ಸಾವಿರ ಪಟ್ಟು ಕ್ರೂರ. ರೈತನ ಕೈಯಲ್ಲಿರುವ ಡಬ್ಬಿಯ ನೀಲಿ ಬಣ್ಣ ಇದನ್ನು ಹೇಳುವುದಿಲ್ಲ. ಹೂ ಬಿಡುವಾಗ ಹೊಡೆಯಬೇಡಿ, ಜೇನಿಗೆ ಅಪಾಯ ಎಂಬ ಸಾಲು ಮಡಚಿಟ್ಟ ಚೀಟಿಯ ಇರುವೆಕಾಲಿನಂಥ ಅಕ್ಷರಗಳ ನಡುವೆ ಎಲ್ಲೋ ಇರುತ್ತದೆ.

ಬದುಕಿ ಗೂಡು ಮುಟ್ಟಿದ ಹುಳು ತಂದದ್ದು ಎಲ್ಲಿ ಸೇರುತ್ತದೆ ಎಂಬುದು ಆ ವಿಷದ ಗುಣದ ಮೇಲೆ ಹೋಗುತ್ತದೆ. ನೀರಿನಲ್ಲಿ ಕರಗುವಂಥದ್ದು ಮಕರಂದದೊಂದಿಗೆ ಜೇನಿಗೆ ಇಳಿಯುತ್ತದೆ. ಕೊಬ್ಬಿನಲ್ಲಿ ಕರಗುವ ಹಳೆಯ ಬಿಎಚ್‌ಸಿ, ಡಿಡಿಟಿಯಂಥವು ಮೇಣ ಹಿಡಿಯುತ್ತವೆ, ವರ್ಷಗಟ್ಟಲೆ ಬಿಡುವುದಿಲ್ಲ. ಪರಾಗಕ್ಕೆ ಅಂಟಿದ್ದು ಮರಿಗಳ ಬುತ್ತಿಯಾಗುತ್ತದೆ. ಭತ್ತಕ್ಕೆ ಜೇನಿನ ನೆರವು ಬೇಡ, ಆದರೂ ಮುಂಜಾನೆಯ ಭತ್ತದ ಪರಾಗಕ್ಕೆ ಜೇನು ಬರುತ್ತದೆ. ಬೇಸಿಗೆಯಲ್ಲಿ ಗೂಡು ತಂಪಿಡಲು ಕಾಲುವೆ, ಗದ್ದೆಗಳ ನೀರು ಹೊರುತ್ತದೆ. ಫೋರೇಟ್‌ನಂಥ ಹರಳು ಎರಚಿದ ಗದ್ದೆಯ ನೀರೂ ಅದಕ್ಕೆ ನೀರೇ.

ಇದು ನಮ್ಮ ಸೀಮೆಯದೊಂದೇ ಸಂಕಟವಲ್ಲ. ಸೂರ್ಯಕಾಂತಿ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಲೇಪಿಸುವುದನ್ನು ಫ್ರಾನ್ಸ್ ಜೇನುಗಾರರ ಹೋರಾಟದಿಂದ 1999ರಲ್ಲಿ ತಡೆಹಿಡಿಯಿತು. 2008ರಲ್ಲಿ ಜರ್ಮನಿಯ ರೈನ್ ಕಣಿವೆಯಲ್ಲಿ ಲೇಪಿತ ಮೆಕ್ಕೆಜೋಳ ಬಿತ್ತುವಾಗ ಹಾರಿದ ದೂಳಿಗೆ ಸುಮಾರು 11,500 ಜೇನು ಸಂಸಾರಗಳು ತುತ್ತಾದವು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ವಿಜ್ಞಾನಿಗಳು ಜಗತ್ತಿನ ಎಲ್ಲ ಕಡೆಯ 198 ಜೇನಿನ ಮಾದರಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ ಶೇಕಡಾ 75ರಲ್ಲಿ ಕನಿಷ್ಠ ಒಂದು ನಿಯೋನಿಕೋಟಿನಾಯ್ಡ್ ಇತ್ತು, ಶೇಕಡಾ 45ರಲ್ಲಿ ಎರಡು ಅಥವಾ ಹೆಚ್ಚು. ಬಹುಪಾಲು ಮಾದರಿಗಳು ಮನುಷ್ಯರಿಗೆ ವಿಧಿಸಿದ ಮಿತಿಯ ಒಳಗೇ ಇದ್ದವು. ಆದರೆ ಆ ಮಿತಿ ಜೇನಿಗಾಗಿ ಹಾಕಿದ್ದಲ್ಲ. 2018ರಲ್ಲಿ ಯುರೋಪ್ ಒಕ್ಕೂಟ ಇಂಥ ಮೂರು ರಾಸಾಯನಿಕಗಳನ್ನು ಬಯಲಿನಲ್ಲಿ ಬಳಸುವುದನ್ನೇ ನಿಷೇಧಿಸಿತು. ನಮ್ಮ ದೇಶದಲ್ಲೂ ಸುಳಿವು ಸಿಕ್ಕಿತ್ತು. 1997ರ ಏಪ್ರಿಲ್‌ನಲ್ಲಿ ಬಿಎಚ್‌ಸಿ ನಿಷೇಧವಾಯಿತು. 2008ರಲ್ಲಿ ಪ್ರಕಟವಾದ ಹಿಮಾಚಲ ಪ್ರದೇಶದ ಜೇನಿನ ಅಧ್ಯಯನದಲ್ಲಿ ಅತಿ ಹೆಚ್ಚು ಸಲ ಸಿಕ್ಕಿದ್ದು ಅದೇ ಬಿಎಚ್‌ಸಿ ಕುಲದ ಶೇಷ, ನಂತರ ಡಿಡಿಟಿಯದು. ಸರ್ಕಾರಿ ಆದೇಶದ ತಾರೀಖಿಗೆ ನೆಲದ ವಿಷ ಮುಗಿದಿರಲಿಲ್ಲ.

ಕನ್ನಡಿಗರಿಗೆ ಇದರ ಪಾಠ ಇನ್ನೂ ಹತ್ತಿರದಲ್ಲಿತ್ತು. ಕಾಸರಗೋಡಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲದಲ್ಲಿ ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಮೊದಲು ಇಲ್ಲವಾದ ಜೀವಗಳಲ್ಲಿ ಜೇನೂ ಇತ್ತು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಎಚ್ಚರಿಸುತ್ತಲೇ ಬಂದರು. ಎಂಡೋಸಲ್ಫಾನ್ ಜೇನುಹುಳುವಿಗೆ ಸೌಮ್ಯವೆಂದು ಉದ್ಯಮ ವಾದಿಸುತ್ತಿದ್ದ ಕಾಲವದು. ಮಕ್ಕಳ ದೇಹದಲ್ಲಿ ಅದರ ಹಾನಿಯನ್ನು ಜಗತ್ತು ಕಂಡ ಮೇಲೆ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಹುಳು ಮೊದಲು ಹೇಳಿತ್ತು, ನಾವು ಕೊನೆಗೆ ಕೇಳಿದೆವು.

ಒಂದು ಚಮಚದ ಸಾಕ್ಷ್ಯ

2008ರಲ್ಲಿ ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಈ ಭಾಗಕ್ಕೆ ದೊಡ್ಡ ಬಲ. ಶಹಾಪುರದ ಭೀಮರಾಯನಗುಡಿಯ ಕೃಷಿ ಕಾಲೇಜು, ಸುರಪುರದ ಬಳಿಯ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಅದರ ಅಂಗಗಳು. ರಾಯಚೂರಿನ ಆವರಣದಲ್ಲಿ ಕೀಟನಾಶಕ ಶೇಷಾಂಶ ಪತ್ತೆಗೆಂದೇ ಪ್ರಯೋಗಾಲಯವಿದೆ. ಕಣ್ಣಿಗೆ ಬಂಗಾರದಂತೆ ಕಾಣುವ ಜೇನಿನಲ್ಲಿ ಏನಿದೆ ಎಂದು ಹೇಳಲು ನಾಲಗೆಗೆ ಆಗದು, ಮೂಗಿಗೂ ಆಗದು. 2003ರಲ್ಲಿ ಬಂದ ಕ್ವೆಚರ್ಸ್ ಎಂಬ ವಿಧಾನದಲ್ಲಿ ಮಾದರಿಯನ್ನು ದ್ರಾವಕದೊಂದಿಗೆ ಕುಲುಕಿ, ಉಪ್ಪು ಸೇರಿಸಿ ಬೇರ್ಪಡಿಸಿ, ಸಕ್ಕರೆ ಮೇಣಗಳನ್ನು ಸೋಸಿ ಯಂತ್ರಕ್ಕೆ ಕೊಡುತ್ತಾರೆ. ಒಂದೇ ಮಾದರಿಯಲ್ಲಿ ನೂರಾರು ರಾಸಾಯನಿಕಗಳನ್ನು ಹುಡುಕಬಹುದು. ಮಿತಿ ಪ್ರತ್ಯೇಕವಾಗಿ ಗೊತ್ತುಪಡಿಸದ ಕೀಟನಾಶಕಕ್ಕೆ ನಮ್ಮ ಆಹಾರ ಸುರಕ್ಷತಾ ನಿಯಮ ಇಟ್ಟ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಜೇನಿನಲ್ಲಿ ಒಂದು ಗ್ರಾಂ.

ಜೇನಿನ ಪಹಣಿ ಓದುವುದಕ್ಕೂ ಒಂದು ಕ್ರಮ ಬೇಕು. ಕೋಲುಜೇನಿನ ಹುಟ್ಟು ಆ ಊರಿನ ಅಂಚಿನ ನಾಲ್ಕಾರು ಹೊಲಗಳ ಮಾತು ಹೇಳುತ್ತದೆ. ತುಡುವೆ ಒಂದು ಊರಿನ ಸೀಮೆಯನ್ನು ಬರೆಯುತ್ತದೆ. ದೂರ ಹಾರುವ ಹೆಜ್ಜೇನಿನದು ಹೋಬಳಿಯಷ್ಟು ದೊಡ್ಡ ಲೆಕ್ಕ. ಪೆಟ್ಟಿಗೆಯ ಮೆಲ್ಲಿಫೆರಾ ಎಲ್ಲಿ ಇಳಿಸಿದರೋ ಅಲ್ಲಿನದು. ನಾಲ್ಕನ್ನೂ ಪಕ್ಕಪಕ್ಕ ಇಟ್ಟು, ಎಳ್ಳಿನ ಹೂವಿನ ಕಾಲ, ತೊಗರಿಯ ಕಾಲ, ಹತ್ತಿ ಮೆಣಸಿನಕಾಯಿಯ ಕಾಲವೆಂದು ಬೇರೆ ಬೇರೆ ಮಾದರಿ ತೆಗೆದು ವರ್ಷ ವರ್ಷ ಪರೀಕ್ಷಿಸಿದರೆ ಯಾವ ಕಾಲುವೆಯ ಕೆಳಗೆ ಯಾವ ತಿಂಗಳು ಏನು ಸುರಿಯಿತು ಎಂಬುದು ಬೆಳಕಿಗೆ ಬರುತ್ತದೆ. ಅಂಥ ಪರೀಕ್ಷೆ ರೈತನನ್ನು ಕಟಕಟೆಗೆ ತರಲು ಬೇಡ. ಅವನ ಹೊಲದ ನೀರು, ಅವನ ಹೆಂಡತಿ ಬರಿಗೈಲಿ ಬಿಡಿಸುವ ಹತ್ತಿ, ಅವನ ಮನೆಯ ಎಮ್ಮೆಯ ಹಾಲಿಗೆ ಆಗುತ್ತಿರುವುದನ್ನು ಅವನಿಗೆ ತಿಳಿಸಲು ಬೇಕು. ಉದ್ರಿ ಕೊಡುವ ಅಂಗಡಿಯೇ ಅವನಿಗೆ ಸಲಹೆಗಾರನಾಗಿರುವ ಊರಿನಲ್ಲಿ, ಯಾವುದಕ್ಕೆ ಯಾವುದು ಎಷ್ಟು ಎಂದು ಹೇಳುವ ಬೇರೆ ದನಿ ಅವನ ಹೊಲದವರೆಗೆ ಹೋಗಿದ್ದೇ ಕಡಿಮೆ.

ಕಾನೂನು ನಿಧಾನವಾಗಿಯಾದರೂ ನಡೆದಿದೆ. ಫೋರೇಟ್, ಟ್ರಯಾಜೋಫಾಸ್ 2020ರ ಕೊನೆಗೆ ನಿಂತವು. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. 2023ರಲ್ಲಿ ಕೊನೆಗೂ ನಿಷೇಧದ ಆದೇಶ ಬಂದಾಗ ಪಟ್ಟಿ ಬಹಳ ಮೊಟಕಾಗಿತ್ತು. ಪಟ್ಟಿಯಿಂದ ಒಂದು ಹೆಸರು ಹೋದರೆ ಅಂಗಡಿಯ ಕಪಾಟಿಗೆ ಇನ್ನೊಂದು ಬರುತ್ತದೆ. ಹಾಗಾಗಿ ಹೆಸರಿನಷ್ಟೇ ವೇಳೆಯ ಬಗ್ಗೆಯೂ ಮಾತಾಡಬೇಕು.

ಗಿಡ ಅಲುಗಿಸಿದವರು

ಇದಕ್ಕೆ ಉತ್ತರದ ಒಂದು ಭಾಗ ಕಲಬುರಗಿ ಸೀಮೆಯ ತೊಗರಿ ಹೊಲದಲ್ಲೇ ಹುಟ್ಟಿದೆ. ಕಾಯಿಕೊರಕ ಬಿದ್ದಾಗ ಇಲ್ಲಿನ ರೈತರು ತೊಗರಿ ಗಿಡವನ್ನು ಬಾಗಿಸಿ ಅಲುಗಿಸುತ್ತಿದ್ದರು. ಕೆಳಗೆ ಹಿಡಿದ ಬಟ್ಟೆ, ಹಾಳೆಯ ಮೇಲೆ ಹುಳ ಮಳೆಯಂತೆ ಉದುರುತ್ತಿತ್ತು. ಕೂಡಿಸಿ ಕೋಳಿಗೆ ಹಾಕುತ್ತಿದ್ದರು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ, ಗಿಡದ ಮೇಲಿನ ಬಹುಪಾಲು ಹುಳ ಹೀಗೆ ಉದುರುತ್ತದೆ ಎಂದು ಒಪ್ಪಿದರು. ಹುಳ ಉದುರುತ್ತದೆ, ಜೇನು ಹಾರಿಹೋಗಿ ಗಿಡ ನಿಂತ ಮೇಲೆ ಮರಳಿ ಹೂವಿಗೆ ಬರುತ್ತದೆ. ಎಣ್ಣಿಗೆ ಸಾಧ್ಯವಾಗದ ಈ ವಿವೇಕ ಒಂದು ಹಳೆಯ ಕೈಚಳಕದಲ್ಲಿತ್ತು. ಬೇವಿನ ಬೀಜದ ಕಷಾಯ, ಮೋಹಕ ಬಲೆ, ಹಕ್ಕಿ ಕೂಡಲು ನೆಟ್ಟ ಕವಲುಕಡ್ಡಿ, ಹುಳಕ್ಕೆ ಮಾತ್ರ ತಗಲುವ ಎನ್‌ಪಿವಿ ನಂಜು, ಇವೆಲ್ಲ ಕೃಷಿ ವಿಶ್ವವಿದ್ಯಾಲಯಗಳೇ ಹೇಳುತ್ತ ಬಂದ ಮಾತು. ಕೂಲಿ ದುಬಾರಿ ಎಂಬ ರೈತನ ಕಷ್ಟ ಸುಳ್ಳಲ್ಲ. ಎಣ್ಣಿಗೆ ಸಾಲ ಸಿಗುವಷ್ಟು ಸುಲಭವಾಗಿ ಈ ಕೆಲಸಕ್ಕೆ ಕೂಲಿ ಸಿಗುವಂತೆ ಮಾಡುವುದು ಸರ್ಕಾರಕ್ಕೆ ಸಾಧ್ಯವಿದೆ.

ಹೊಡೆಯಲೇಬೇಕಾದಾಗ ಹೂವಿನ ಮೇಲೆ ಬೇಡ, ಹೊತ್ತು ಇಳಿದ ಮೇಲೆ ಇರಲಿ ಎನ್ನುತ್ತದೆ ವಿಜ್ಞಾನ. ತುಡುವೆ, ಕೋಲುಜೇನು ಅಷ್ಟು ಹೊತ್ತಿಗೆ ಗೂಡು ಸೇರಿರುತ್ತವೆ. ಹೆಜ್ಜೇನಿಗೆ ಮಾತ್ರ ಇನ್ನೊಂದು ಗುಣವಿದೆ: ಬೆಳದಿಂಗಳ ರಾತ್ರಿಯಲ್ಲೂ ಅದು ಹೂವಿಗೆ ಹಾರುತ್ತದೆ. ಹಾಗಾಗಿ ನಮ್ಮ ಸೀಮೆಯ ನಿಯಮ ನಮ್ಮ ಜೇನನ್ನು ನೋಡಿಯೇ ಬರೆಯಬೇಕು. ಹುಣ್ಣಿಮೆಯ ಆಚೀಚೆ ಹೂವಿರುವ ಹೊಲ ತಪ್ಪಿಸಬೇಕು. ಪಕ್ಕದ ಹೊಲದಲ್ಲಿ ಪೆಟ್ಟಿಗೆ ಇಟ್ಟವನಿಗೆ ಹಿಂದಿನ ದಿನವೇ ಒಂದು ಮಾತು ಹೇಳಬೇಕು. ಈಗ ಡ್ರೋನ್ ಹೊಲಕ್ಕೆ ಬಂದಿದೆ. ಎಕರೆಗಟ್ಟಲೆ ನಿಮಿಷಗಳಲ್ಲಿ ಮುಗಿಸುವ ಆ ವೇಗಕ್ಕೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಕಾಲುವೆಯ ಏರಿಯ ಉದ್ದಕ್ಕೂ ಬೇವು, ಹೊಂಗೆ, ಹುಣಸೆ ಮತ್ತೆ ಎದ್ದರೆ ಜೇನಿನ ಸರದಿಯಲ್ಲಿ ಹರಿದ ಪುಟಗಳು ಕೂಡುತ್ತವೆ. ತೊಗರಿ, ಸೂರ್ಯಕಾಂತಿ, ಸೌತೆ, ಹೀರೆ ಕಾಯಿ ಕಟ್ಟಲು ನೆರವಾಗುವ ಹುಳು ಕೂಲಿ ಕೇಳದ ಆಳು.

ನಮ್ಮ ಭಾಗದಲ್ಲಿ ಎಳ್ಳಮವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಸಜ್ಜೆಯ ಕಡುಬು, ಭಜ್ಜಿ, ಹೋಳಿಗೆ. ಉಣ್ಣುವ ಮೊದಲು ಹೊಲದ ಸುತ್ತ ನಡೆಯುತ್ತ ಚರಗ ಚೆಲ್ಲುತ್ತಾರೆ. ಇರುವೆಗೆ, ಹಕ್ಕಿಗೆ, ಕಾಣದ ಹುಳುವಿಗೆ, ನೆಲತಾಯಿಗೆ ಒಂದು ಪಾಲು. ಜೋಳ ಹಾಲುಗಾಳಿಗೆ ಬಂದಿರುತ್ತದೆ, ಕುಸುಬೆ ಮೊಗ್ಗೊಡೆಯುತ್ತಿರುತ್ತದೆ. ಆ ದಿನ ಹೊಲದಲ್ಲಿ ಊಟವೇ ಕೆಲಸ, ಪಂಪು ಮನೆಯಲ್ಲೇ ಉಳಿಯುತ್ತದೆ. ಚರಗದ ಅನ್ನ ಜೇನುಹುಳು ತಿನ್ನುವುದಿಲ್ಲ. ಅದಕ್ಕೆ ಸಲ್ಲಬೇಕಾದ ಪಾಲು ಬೇರೆ: ಹೂ ಬಿಟ್ಟ ಹೊಲದ ಮೇಲೆ ಎಣ್ಣಿ ಇಲ್ಲದ ಕೆಲವು ಮುಂಜಾವುಗಳು. ವರ್ಷಕ್ಕೊಂದು ದಿನ ನಮಗೆ ಗೊತ್ತಿಲ್ಲದೆಯೇ ಅದಕ್ಕೆ ಆ ಪಾಲು ಕೊಡುತ್ತಿದ್ದೇವೆ. ಅದನ್ನು ತೊಗರಿಯ ಹೂವಿನ ಕಾಲಕ್ಕೂ, ಹತ್ತಿ ಮೆಣಸಿನಕಾಯಿಯ ಹೂವಿನ ಕಾಲಕ್ಕೂ ತಿಳಿದೇ ಕೊಟ್ಟರೆ, ಜೇನು ಬಿಡಿಸಿದ ಕೈಯನ್ನು ಮಗುವಿನ ಬಾಯಿಗೆ ಒಡ್ಡುವಾಗ ಯಾವ ತಾಯಿಯೂ ಹಿಂಜರಿಯಬೇಕಾಗುವುದಿಲ್ಲ.